ದ್ಯಾಮಮ್ಮನಿಗೆ ಒನ್ಸ್ ಮೋರ್

ಅಜ್ಜಂಪುರ
ಗುರುವಾರ, ೧೮ ಸೆಪ್ಟೆಂಬರ್ ೨೦೨೫

ಪ್ರೀತಿಯ ಮಗಳು ಮಧುಶ್ರೀಗೆ ಅಪ್ಪನ ತುಂಬುಹೃದಯದ ಹರಕೆ.

ಹೇಗಿದ್ದೀಯಮ್ಮ? ಬೆಳಗಿನ ಓಟಕ್ಕೆ ಹಿಮ್ಮಡಿ ಉರಿಯುತ್ತದೆ ಎಂದಿದ್ದೆಯಲ್ಲ, ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ? ಪೊಲೀಸ್ ತರಬೇತಿಯವರು ಮೊಬೈಲು ಕಿತ್ತಿಟ್ಟುಕೊಂಡು ಭಾನುವಾರ ಮಾತ್ರ ಕೊಡುತ್ತಾರೆಂದು ನಿಮ್ಮಮ್ಮ ಗೊಣಗುತ್ತಾಳೆ. ನನಗೆ ಒಳಗೊಳಗೇ ಖುಷಿ. ಈ ಕಾಲದಲ್ಲಿ ಮಗಳಿಗೆ ಕಾಗದ ಬರೆಯುವ ಯೋಗ ಎಷ್ಟು ಅಪ್ಪಂದಿರಿಗುಂಟು? ಆದರೆ ನಿನಗೆ ಗೊತ್ತೇ ಇದೆ, ಗಟ್ಟಿಯಾಗಿ ಹೇಳಿಕೊಳ್ಳದೆ ನನ್ನ ಕೈ ಒಂದಕ್ಷರವನ್ನೂ ಬರೆಯದು. ನಡುಮನೆಯಲ್ಲಿ ಕೂತು ಮಾತು ಹೇಳುವ ಹಾಗೆಯೇ ಬರೆಯುತ್ತಿದ್ದೇನೆ. ಅಜ್ಜಿ ಒಳಕೋಣೆಯಲ್ಲಿ ಮಲಗಿದ್ದಾಳೆ, ನಿದ್ದೆ ಹತ್ತಿದೆ. ಅವಳ ಸೊಂಟದ ಮೂಳೆ ಕೂಡಿದೆಯಂತೆ. ಆದರೆ ಇನ್ನು ಕುರ್ಚಿಯೇ ಗತಿ ಎಂದು ತರೀಕೆರೆ ಡಾಕ್ಟರು ನನ್ನನ್ನು ಆಚೆ ಕರೆದು ಹೇಳಿದರು. ಅವಳಿಗೆ ಇನ್ನೂ ಹೇಳಿಲ್ಲ.

ಅವಳಿಗೆ ಹೇಳದೇ ಇರುವುದು ಅದೊಂದೇ ಆಗಿದ್ದರೆ ಈ ಕಾಗದ ಬೇಕಿರಲಿಲ್ಲ.

ಹೊರಡುವ ದಿನ ನೀನು ಲ್ಯಾಪ್‌ಟಾಪನ್ನು ನನ್ನ ಕೈಗಿಟ್ಟು, ನಿನ್ನ ದಾಳದ ಚೆಂಡಾಟವನ್ನು ನನಗೆ ಒಪ್ಪಿಸಿ ಹೋದೆ. ರಾಕ್ಷಸರೂ ಕುಳ್ಳರೂ ಒಂದು ಚೆಂಡಿಗಾಗಿ ಬಡಿದಾಡುವ ಆಟ, ನಮ್ಮದೊಂದು ಸರದಿ, ಎದುರಾಳಿಯದೊಂದು ಸರದಿ. ಬಯಲಲ್ಲಿ ನಡೆದರೆ ದಾಳವಿಲ್ಲ. ವೈರಿಯ ಮಗ್ಗುಲಿಂದ ನುಸುಳಬೇಕಾದರೆ ದಾಳ ಉರುಳಲೇಬೇಕು. ಒಂದು ಬಿತ್ತೋ, ನೆಲಕ್ಕುರುಳಿದ ಹಾಗೆ. ಬಿದ್ದು ಸತ್ತವರು ಸತ್ತರು, ಮುಂದಿನ ಪಂದ್ಯಕ್ಕೂ ಎದ್ದು ಬರುವುದಿಲ್ಲ. ನಮ್ಮ ನಾಟಕದಲ್ಲಿ ಸತ್ತ ಸೇನಾಪತಿ ಪರದೆಯ ಹಿಂದೆ ಬೀಡಿ ಸೇದುತ್ತಿರುತ್ತಾನೆ. ನಿನ್ನ ಆಟದಲ್ಲಿ ಆ ಸೌಕರ್ಯವಿಲ್ಲ. ಅದಕ್ಕೇ ನೀನು ಎರಡು ಮಾತು ಹೇಳಿದ್ದೆ. ಸುಮ್ಮನೆ ನಿಲ್ಲಬಹುದಾದ ಕಡೆ ಸುಮ್ಮನೆ ನಿಲ್ಲು. ಮತ್ತೆ, ಏನು ಆಡಿದರೂ ಅಜ್ಜಿಯ ಕುರ್ಚಿಯ ಪಕ್ಕದಲ್ಲೇ ಕೂತು ಆಡು.

ಎರಡನೆಯ ಮಾತು ಯಾಕೆಂದು ನನಗೆ ಗೊತ್ತಿರಲಿಲ್ಲವೇ? ಅಜ್ಜಿ ಬಿದ್ದ ವಾರವೇ ಅಲ್ಲವೇ ನೀನು ಚೆಂಡು ಹಿಡಿದು ಓಡುವ ಆ ಪುಟ್ಟ ಆಟಗಾರ್ತಿಗೆ ದ್ಯಾಮಮ್ಮ ಎಂದು ಅಜ್ಜಿಯದೇ ಹೆಸರಿಟ್ಟದ್ದು. ಚಿಕ್ಕಂದಿನಲ್ಲಿ ಬುಕ್ಕಾಂಬುಧಿ ಕೆರೆಯ ಏರಿ ಮೇಲೆ ಗಂಡುಹುಡುಗರನ್ನು ಹಿಂದೆ ಹಾಕಿ ಓಡಿದವಳು ತಾನೆಂದು ಅವಳು ಹೇಳುತ್ತಿದ್ದಳಲ್ಲ. ಸಂಜೆ ಕಾಫಿ ಕುಡಿದು, "ಇವತ್ತು ನಾನು ಎಲ್ಲೀತನಕ ಓಡ್ದೆ, ತೋರ್ಸೋ" ಎಂದು ಕನ್ನಡಕ ಏರಿಸಿ ಕೂರುವಳು.

ಹೋದ ಭಾನುವಾರ ಕಡೂರಿನ ನಿನ್ನ ಗೆಳೆಯ ಅಜ್ಮತ್‌ನ ತಂಡದ ಮೇಲೆ ಪಂದ್ಯವಿತ್ತು. ಅದೇ ಮಧ್ಯಾಹ್ನ ಶಿವನಿಯಲ್ಲಿ ನಮ್ಮ ನಾಟಕದ ತಾಲೀಮು. ನಾನು ಪಾಪಿ, ಲ್ಯಾಪ್‌ಟಾಪನ್ನು ಬಗಲಲ್ಲಿಟ್ಟುಕೊಂಡು ಶಿವನಿಗೆ ಹೋದೆ. ತಾಲೀಮು ಮನೆಯ ದೊಡ್ಡ ಟೀವಿಗೆ ಹಚ್ಚಿಸಿದೆ. ಪಾತ್ರಧಾರಿಗಳೆಲ್ಲ ಮಾತು ಕಲಿಯುವುದು ಬಿಟ್ಟು ಚಾಪೆ ಹಾಸಿ ಕೂತರು. ಅಲ್ಲಿ ನಾನು ನಿಂತ ನಿಲುವೇನು, ಒಬ್ಬೊಬ್ಬ ರಾಕ್ಷಸನ ಪ್ರವೇಶಕ್ಕೂ ನಾನು ಕೂಗಿದ ಬಿರುದೇನು! ಕೊನೆಗೆ ಒಂದು ಗೋಲು ನಮ್ಮ ಕಡೆ ಹೆಚ್ಚಿಗಿತ್ತು. ಎದುರಾಳಿಯ ಇಬ್ಬರು ರಾಕ್ಷಸರ ನಡುವಿನಿಂದ ದ್ಯಾಮಮ್ಮನನ್ನು ನುಸುಳಿಸಿದೆ. ದಾಳ ಆರು. ಹಾರ್ಮೋನಿಯಂ ಮೇಷ್ಟ್ರು ಕರಿಸಿದ್ದಪ್ಪನವರು ಪೆಟ್ಟಿಗೆ ಎಳೆದುಕೊಂಡು ಒಂದು ವರಸೆ ನುಡಿಸಿಯೇಬಿಟ್ಟರು. ಹಿಂದಿನಿಂದ ಯಾರೋ ಶುರುಮಾಡಿ, ಎಲ್ಲರೂ ಕೂಗಿದರು, "ಒನ್ಸ್ ಮೋರ್."

ಮಗಳೇ, ಆಗ ಉಳಿದಿದ್ದದ್ದು ನಮ್ಮ ಕೊನೆಯ ಸರದಿ. ಸುಮ್ಮನೆ ನಿಂತರೆ ಪಂದ್ಯ ನಮ್ಮದೇ. ಆದರೆ ಬಣ್ಣ ಹಚ್ಚಿದಂದಿನಿಂದ ಒನ್ಸ್ ಮೋರ್ ಎಂದವರಿಗೆ ನಾನು ಇಲ್ಲವೆಂದವನಲ್ಲ. ಗಂಟಲು ಕಟ್ಟಿದಾಗಲೂ ಹಾಡಿದ್ದೇನೆ. ಬಂದ ದಾರಿಯಲ್ಲೇ, ಅದೇ ರಾಕ್ಷಸರ ನಡುವಿನಿಂದಲೇ ಅವಳನ್ನು ಮತ್ತೆ ನುಗ್ಗಿಸಿದೆ. ದಾಳ ಒಂದು. ಬಿದ್ದಳು. ಬಿದ್ದವರನ್ನು ಉಳಿಸಲು ಇರುವ ವೈದ್ಯನ ದಾಳವನ್ನೂ ಹಾಕಿದೆ, ಅದೂ ಕೈಕೊಟ್ಟಿತು. ದ್ಯಾಮಮ್ಮ ಎಂಬ ಹೆಸರಿನ ಪಕ್ಕ ತಲೆಬುರುಡೆ ಮೂಡಿತು. ಅಷ್ಟರಲ್ಲಿ ಪಂದ್ಯ ಮುಗಿದು, ಗೆದ್ದೆವೆಂದು ಜನ ಚಪ್ಪಾಳೆ ತಟ್ಟಿದರು. ಅಜ್ಮತ್ ಫೋನು ಮಾಡಿದ. "ಗೆದ್ದಿದ್ರಲ್ಲ ಅಂಕಲ್, ಅಜ್ಜೀನ ಯಾಕೆ ಓಡ್ಸಿದ್ರಿ" ಎಂದ. ಸೋತವನ ದನಿಯಲ್ಲ ಅದು, ಸಾವಿನ ಮನೆಗೆ ಬಂದವನ ದನಿ.

ನಿಮ್ಮಮ್ಮನಿಗೆ ಹೇಳಿದೆ. "ಎದುರಿಗೆ ನಾಲ್ಕು ಜನ ಕೂತ್ರೆ ನಿಮಗೆ ಹೆತ್ತ ತಾಯಿನೂ ಕಾಣಲ್ಲ ಕಣ್ರೀ" ಎಂದು ಅಡುಗೆಮನೆಗೆ ಹೋದಳು. ಅಂದಿನಿಂದ ಅಜ್ಜಿ ಕೇಳಿದಾಗೆಲ್ಲ ಹಳೆಯ ಪಂದ್ಯಗಳ ವಿಡಿಯೊ ಹಾಕಿ, ಇದು ಇವತ್ತಿನದವ್ವ ಎನ್ನುತ್ತಿದ್ದೇನೆ. ಅವಳು ಮೊದಲಿನಂತೆ ಕೈ ತಟ್ಟುವುದಿಲ್ಲ, ಸುಮ್ಮನೆ ನೋಡುತ್ತಾಳೆ. ರಂಗದ ಮೇಲೆ ಎಷ್ಟೋ ಸುಳ್ಳಾಡಿದವನಿಗೆ ಒಬ್ಬ ಮುದುಕಿಯ ಮುಂದೆ ನಾಲಗೆ ತೊಡರುತ್ತಿದೆ. ಭಾನುವಾರ ನೀನು ಅವಳ ಹತ್ತಿರ ಮಾತಾಡುವಾಗ ಪಂದ್ಯದ ಸುದ್ದಿ ಎತ್ತಬೇಡ, ನಿನ್ನ ದಮ್ಮಯ್ಯ. ಸಮಯ ನೋಡಿ ನಾನೇ ಹೇಳುತ್ತೇನೆ.

ಹೊಟ್ಟೆ ತುಂಬ ಉಣ್ಣು. ಸಾಹೇಬರ ಮಾತು ಕೇಳು. ಅಪ್ಪನ ಹಾಗೆ ಚಪ್ಪಾಳೆಗೆ ಸೋಲದ ಗಟ್ಟಿತನವನ್ನು ದೇವರು ನಿನಗೆ ಕೊಡಲಿ.

ತಪ್ಪಿತಸ್ಥ ಅಪ್ಪ,
ಶಶಿಧರ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಒಳಗಿನಿಂದ ದನಿ ಬಂತು. "ಶಶೀ, ಮುಗೀತೇನೋ ನಿನ್ನ ನಾಟ್ಕ?" ಮಹಾತಾಯಿ ಎಚ್ಚರವಾಗಿಯೇ ಇದ್ದಾಳೆ! ಕಾಗದವನ್ನೆಲ್ಲ ನನ್ನ ಬಾಯಿಂದಲೇ ಕೇಳಿಸಿಕೊಂಡಿದ್ದಾಳೆ, ಡಾಕ್ಟರ ಮಾತನ್ನೂ. ಹೋಗಿ ಮಂಚದ ಕಾಲಬಳಿ ಕೂತೆ. ಹಳೆಯ ಓಟವೆಂದು ಸೋಮವಾರವೇ ಗೊತ್ತಾಯಿತಂತೆ. ಸತ್ತದ್ದಕ್ಕೆ ಬೇಸರವಿಲ್ಲವಂತೆ. "ಅಷ್ಟು ಜನ ಒನ್ಸ್ ಮೋರ್ ಅಂದ್ರಲ್ಲೋ, ನನ್ನನ್ಯಾಕೋ ಕರ್ಕೊಂಡು ಹೋಗ್ಲಿಲ್ಲ" ಎಂದಳು. ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ತಂಡದಲ್ಲಿ ನಿಂತ ಕಡೆಯೇ ನಿಂತು ಗುದ್ದುವ ದೊಡ್ಡ ರಾಕ್ಷಸ ಇದ್ದಾನಲ್ಲ, ಇನ್ನು ತನ್ನ ಹೆಸರು ಅವನಿಗಿರಲಿ ಎಂದಿದ್ದಾಳೆ. "ಓಡಾಕೆ ಬೇರೆ ಯಾರ್ನಾದ್ರೂ ಹಾಕ್ಲಿ ಬಿಡು." ಹೆಸರು ಬದಲಿಸುವುದು ಹೇಗೆಂದು ಭಾನುವಾರ ಹೇಳು. ಕುರ್ಚಿ ಸಮೇತ ಅವಳನ್ನು ಶಿವನಿಗೆ ಕರೆದೊಯ್ಯಲು ಗೂಡ್ಸ್ ಆಟೋದವನನ್ನು ಕೇಳಲು ಹೊರಟಿದ್ದೇನೆ.