ಬಿ ಸೈಡಿನ ಮೂರನೇ ಹಾಡು

ಅಮ್ಮಾ,

ನೀನು ಇದ್ದಾಗ ನಿನಗೆ ಅಂತ ಒಂದು ಸಾಲೂ ಬರೆದವಳಲ್ಲ ನಾನು. ಹಾಸ್ಟೆಲಿನಿಂದ ಹಾಕುತ್ತಿದ್ದ ಕಾಗದಗಳೂ ಅಪ್ಪನ ಹೆಸರಿಗೇ ಬರುತ್ತಿದ್ದವು. ಕೊನೆಯಲ್ಲಿ ‘ಅಮ್ಮನಿಗೆ ನಮಸ್ಕಾರ ತಿಳಿಸಿ’ ಅಂತ ಒಂದು ಬಾಲಂಗೋಚಿ ಇರುತ್ತಿತ್ತು, ಅಷ್ಟೆ. ಈಗ ನೀನು ಹೋಗಿ ಎಂಟು ತಿಂಗಳಾದ ಮೇಲೆ ಬರೆಯಲು ಕೂತಿದ್ದೇನೆ, ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಹೋದ ಭಾನುವಾರ ನಿನ್ನ ಮೊಮ್ಮಗಳು ಮಾಳು ಒಂದು ನೋಟ್‌ಬುಕ್ ಹಿಡಿದು ಬಂದಳು. ಮನೆಯವರಿಗೆ ಯಾವ ಯಾವ ವಯಸ್ಸಿನಲ್ಲಿ ಯಾವ ಆಲ್ಬಂ ಇಷ್ಟವಾಗಿತ್ತು, ಯಾಕೆ ಇಷ್ಟವಾಗಿತ್ತು ಅಂತ ಕೇಳಿ ಬರೆದುಕೊಂಡು ಬರಬೇಕಂತೆ, ಸ್ಕೂಲಿನಲ್ಲಿ ಹೇಳಿದ್ದಾರೆ. ಅವಳು ಮಲಯಾಳದಲ್ಲಿ ಕೇಳಿದಳು, ನಾನು ಕನ್ನಡದಲ್ಲಿ ಹೇಳಿದೆ. ನಮ್ಮ ಮನೆಯ ವ್ಯವಹಾರ ನಿನಗೆ ಗೊತ್ತಲ್ಲ. ಕಾಲೇಜಿನಲ್ಲಿ ಗಿಟಾರು ಬಾರಿಸಿಕೊಂಡು ಕಿರುಚುವವರ ಬ್ಯಾಂಡು ಅಂದೆ. ಮದುವೆಯಾದ ಹೊಸದರಲ್ಲಿ ಗಜಲುಗಳ ಸಿ.ಡಿ. ಅಂದೆ, ಆ ವಯಸ್ಸಿನಲ್ಲಿ ಎಲ್ಲರಿಗೂ ಬರುವ ಜ್ವರ ಅದು. ಚಿಕ್ಕಂದಿನದು ಕೇಳಿದಾಗ ನೆನಪಿಲ್ಲ ಅಂತ ಸುಳ್ಳು ಹೇಳಿದೆ. ಆಗ ಅವಳು ಹಾಳೆ ತಿರುಗಿಸಿ ತೋರಿಸಿದಳು. “ಅಜ್ಜಿಯದನ್ನು ತಾತನ ಹತ್ತಿರ ಕೇಳಿ ಬರೆದುಬಿಟ್ಟೆ.” ಕೇಸರಿ ಬಣ್ಣದ ಹೊದಿಕೆ, ಅದರ ಮೇಲೆ ತುಳಸಿಕಟ್ಟೆ, ಪಕ್ಕದಲ್ಲಿ ಒಂದು ದೀಪ. ತಾತ ಹೇಳಿದ್ದನ್ನು ಕೇಳಿ ಮಗು ಬಣ್ಣದ ಪೆನ್ಸಿಲಿನಲ್ಲಿ ಎಷ್ಟು ಚೆನ್ನಾಗಿ ಬಿಡಿಸಿದ್ದಳು ಗೊತ್ತಾ?

ನಾನು “ತಪ್ಪು” ಅಂದೆ. “ಪಿನ್ನೇ ಏದಾ?” ಅಂದಳು. ಹಾಗಾದರೆ ಯಾವುದು?

ತಿರುವನಂತಪುರದ ಆ ಬಾಡಿಗೆ ಮನೆ ನೆನಪಿದೆಯಾ ನಿನಗೆ? ನೆನಪಿದೆಯಾ ಅಂತ ಕೇಳುತ್ತಿದ್ದೇನಲ್ಲ, ನನ್ನ ಬುದ್ಧಿಗಿಷ್ಟು. ನನಗಾಗ ಆರೋ ಏಳೋ. ಅಪ್ಪನಿಗೆ ಬ್ಯಾಂಕಿನಲ್ಲಿ ಬಡ್ತಿ ಸಿಕ್ಕಿ ಮೈಸೂರಿನಿಂದ ಅಲ್ಲಿಗೆ ಹೋಗಿದ್ದೆವು. ಬೆಳಿಗ್ಗೆ ಆರಕ್ಕೆ ಹಜಾರದಲ್ಲಿ ಟೇಪ್ ರೆಕಾರ್ಡರ್ ಶುರುವಾಗಬೇಕು, ದೇವರನಾಮಗಳ ಅದೇ ಕೇಸರಿ ಕ್ಯಾಸೆಟ್ಟು. ಅಕ್ಕಪಕ್ಕದವರೆಲ್ಲ “ಸ್ವಾಮಿ ಸಾರ್ ಎಂಥ ಭಕ್ತರು” ಅನ್ನುತ್ತಿದ್ದರು. ಒಂದೊಂದು ದಿನ ಅಪ್ಪ ನಿನ್ನನ್ನು ಒಳಕೋಣೆಗೆ ಕರೆದು, ಬಾಗಿಲು ಹಾಕಿಕೊಳ್ಳುವ ಮೊದಲು ನನಗೆ ಹೇಳುತ್ತಿದ್ದರು: “ಹಾಡು ನಿಲ್ಲಬಾರದು ಪುಟ್ಟಿ. ಈ ಕಡೆ ಮುಗಿದ ತಕ್ಷಣ ತಿರುಗಿಸಿ ಹಾಕು. ಅದು ನಿನ್ನ ಕೆಲಸ.” ನನಗೆ ಎಷ್ಟು ಜಂಭ! ಸ್ಕೂಲಿನಲ್ಲಿ ಯಾವ ಹುಡುಗಿಗೂ ಅವಳಪ್ಪ ಟೇಪ್ ರೆಕಾರ್ಡರ್ ಮುಟ್ಟಲು ಬಿಡುತ್ತಿರಲಿಲ್ಲ. ಬಿ ಸೈಡಿನ ಮೂರನೇ ಹಾಡಿಗೆ ಜಾಗಟೆ, ತಾಳ, ಹತ್ತಾರು ಜನರ ಗೋಷ್ಠಿ ಎಲ್ಲ ಒಟ್ಟಿಗೆ ಬರುತ್ತಿತ್ತು. ಅದು ಬಂದ ಕೂಡಲೇ ನಾನೇ ಸದ್ದು ಏರಿಸಿ ಕುಣಿಯುತ್ತಿದ್ದೆ. ಯಾರೂ ಹೇಳಿರಲಿಲ್ಲ ಅಮ್ಮ, ನಾನೇ ಏರಿಸುತ್ತಿದ್ದೆ.

ಪಕ್ಕದ ಮನೆಯ ಅಕ್ಕ ಲೀಲಾ ಚೇಚಿ ಸ್ಟೀಲ್ ಲೋಟ ಹಿಡಿದು ಬರುತ್ತಿದ್ದದ್ದೂ ಅದೇ ಹೊತ್ತಿಗೆ. ಬಾಗಿಲು ದಬದಬ ಬಡಿದು, “ಸ್ವಾಮಿ ಸಾರ್, ಕುರಚ್ಚು ಪಂಚಸಾರ ತರುಮೋ?” ಅನ್ನುತ್ತಿದ್ದರು, ಸ್ವಲ್ಪ ಸಕ್ಕರೆ ಕೊಡ್ತೀರಾ ಅಂತ. ಅಪ್ಪ ಅಂಗವಸ್ತ್ರ ಸರಿಮಾಡಿಕೊಂಡು ನಗುತ್ತಾ ಬಂದು ಬಾಗಿಲು ತೆಗೆಯುತ್ತಿದ್ದರು. ನೀನು ಹಿಂದಿನಿಂದಲೇ ಬಂದು ಲೋಟ ತುಂಬಿಸಿ ಕೊಡುತ್ತಿದ್ದೆ, ತಲೆ ಎತ್ತದೆ. ನಾನು ಆ ಚೇಚಿಗೆ ಸಕ್ಕರೆ ಇರುವೆ ಅಂತ ಹೆಸರಿಟ್ಟಿದ್ದೆ. ನೀನು ಒಂದು ಸಲವೂ ನಗಲಿಲ್ಲ. ನನಗೇನೂ ಗೊತ್ತಿರಲಿಲ್ಲ ಅಂತ ಬರೆಯಲು ಹೊರಟಿದ್ದೆ. ಆದರೆ ಸತ್ತವಳಿಗೆ ಸುಳ್ಳು ಬರೆದು ಏನಾಗಬೇಕು? ನೀನು ಬಳೆ ಚೂರು ಗುಡಿಸುವುದನ್ನು ನೋಡಿದ್ದೆ. “ಬಾಗಿಲಿಗೆ ತಾಗಿತು ಕಣೇ” ಅಂದೆ ನೀನು. ಬಾಗಿಲಿಗೆ ತಿಂಗಳಿಗೆ ಎಷ್ಟು ಸಲ ತಾಗುತ್ತೆ ಅಂತ ನಾನು ಕೇಳಲಿಲ್ಲ. ನಂಬುವುದು ಸುಲಭವಾಗಿತ್ತು…

ಒಂದು ದಿನ ಸ್ಕೂಲಿನಿಂದ ಬಂದಾಗ ಆ ಕ್ಯಾಸೆಟ್ಟಿನ ರೀಲೆಲ್ಲ ಹೊರಗೆ ಬಂದು ಹಜಾರದ ನೆಲದ ಮೇಲೆ ಗುಡ್ಡೆಯಾಗಿ ಬಿದ್ದಿತ್ತು. “ಸಿಕ್ಕಿಹಾಕಿಕೊಂಡಿತು, ಬಿಡು, ಎಸೆದುಬಿಡೋಣ” ಅಂದೆ ನೀನು. ನಾನು ಬಿಡುತ್ತೇನಾ? ಪೆನ್ಸಿಲ್ ತೂರಿಸಿ, ಗಂಟು ಬಿಡಿಸಿ, ಸಂಜೆಯವರೆಗೆ ಕೂತು ಸುತ್ತಿದೆ. ನೀನು ಅಡುಗೆಮನೆ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ. “ಸಾಕು ಪುಟ್ಟಿ, ಆಡ್ಕೋ ಹೋಗು” ಅಂತ ಎರಡು ಸಲ ಹೇಳಿದೆ. ಅಪ್ಪ ಬಂದು ಹಾಕಿ ನೋಡಿದರು, ಹಾಡಿತು. ಮಗಳ ಜಾಣತನಕ್ಕೆ ಪೇಸ್ಟ್ರಿ ತಂದುಕೊಟ್ಟರು. ಅದನ್ನು ನಿನಗೂ ಒಂದು ತುಂಡು ತಿನ್ನಿಸಿದ್ದೆ, ನೆನಪಿದೆಯಾ?

ಬಿ.ಎಸ್ಸಿ. ಎರಡನೇ ವರ್ಷದ ರಜೆಗೆ ಬಂದಾಗಿನ ಒಂದು ಮಧ್ಯಾಹ್ನ ಈಗ ತುಂಬಾ ನೆನಪಾಗುತ್ತೆ. ಆ ಹೊತ್ತಿಗೆ ನಾವು ಕೊಚ್ಚಿಯ ತ್ರಿಪ್ಪುಣಿತ್ತುರಕ್ಕೆ ಬಂದಿದ್ದೆವು, ನಾನು ಓದಲು ಮತ್ತೆ ತಿರುವನಂತಪುರಕ್ಕೆ ಹೋಗಿದ್ದೆ. ಅಲ್ಲಿಂದ ಒಂದು ವಾಕ್‌ಮನ್ನು, ಗೆಳತಿ ಕಾಪಿ ಮಾಡಿಕೊಟ್ಟ ಆ ಬ್ಯಾಂಡಿನ ಕ್ಯಾಸೆಟ್ಟು ತಂದಿದ್ದೆ. ಕೊಚ್ಚಿಗೆ ಬಂದ ಮೇಲೆ ಒಳಕೋಣೆಯ ಬಾಗಿಲು ಹಾಕುವುದು ನಿಂತಿತ್ತಾ? ಗೊತ್ತಿಲ್ಲ, ಕೇಳಲಿಲ್ಲ. ಬೆಳಗಿನ ಹಾಡು ಮಾತ್ರ ನಿಂತಿರಲಿಲ್ಲ. ಅದು ಶುರುವಾದರೆ ನೀನು ನಲ್ಲಿ ಪೂರ್ತಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ. ಆ ಮಧ್ಯಾಹ್ನ ಅಪ್ಪ ಬ್ಯಾಂಕಿನಲ್ಲಿದ್ದರು. “ಅದೇನು ಕೇಳ್ತೀಯೋ, ನನಗೂ ಒಂದು ಸಲ ಹಾಕೇ” ಅಂದೆ ನೀನು. ಹೆಡ್‌ಫೋನು ನಿನ್ನ ತಲೆಗೆ ಸಿಕ್ಕಿಸಿದೆ. ಮುಡಿದ ಕನಕಾಂಬರ ನಲುಗಿತು. ಒಂದು ಸೈಡು ಪೂರ್ತಿ ನೀನು ಕಣ್ಣು ಮುಚ್ಚಿ ಕೂತು ಕೇಳಿದೆ. ನಾನು ನಗುತ್ತಾ ಕೇಳಿದೆ, “ನಿನಗೆ ಇದೆಲ್ಲ ಏನಾದ್ರೂ ಅರ್ಥ ಆಗುತ್ತಾ?”

“ಅರ್ಥ ಆಗಲ್ಲ, ಅದಕ್ಕೇ ಚೆನ್ನಾಗಿದೆ” ಅಂದೆ ನೀನು. ಆಮೇಲೆ, “ಇದು ಹೊರಗೆ ಯಾರಿಗೂ ಕೇಳ್ಸಲ್ವಾ? ಒಂಚೂರೂ?”

ಒಂಚೂರೂ ಇಲ್ಲ ಅಂದೆ. “ಇನ್ನೊಂದು ಕಡೆಯೂ ಹಾಕು” ಅಂದೆ ನೀನು. ಅಷ್ಟರಲ್ಲಿ ನನ್ನ ಗೆಳತಿಯ ಫೋನು ಬಂತು. ಹೆಡ್‌ಫೋನು ತೆಗೆದುಕೊಂಡು, ಆಮೇಲೆ ಹಾಕ್ತೀನಿ ಅಂತ ಎದ್ದು ಹೋದೆ.

ಅಪ್ಪನ ಅರವತ್ತರ ಶಾಂತಿಗೆ ನಾನು ಏನು ಉಡುಗೊರೆ ಕೊಟ್ಟೆ ಹೇಳು? ಆ ಹಳೇ ಕ್ಯಾಸೆಟ್ಟು ಸವೆದು ಗೊರಗೊರ ಅನ್ನುತ್ತಿತ್ತಲ್ಲ, ಅದೇ ಆಲ್ಬಮ್ಮಿನ ಸಿ.ಡಿ.ಯನ್ನು ಬೆಂಗಳೂರಿನ ಅಂಗಡಿಗಳಲ್ಲೆಲ್ಲ ಹುಡುಕಿಸಿ ತರಿಸಿದೆ. ತಾನಾಗಿ ಸಾಯುತ್ತಿದ್ದ ಹಾಡನ್ನು ಮತ್ತೆ ಬದುಕಿಸಿದೆ. ನೆಂಟರೆಲ್ಲ ಚಪ್ಪಾಳೆ ತಟ್ಟಿದರು. ನೀನು ಎಲೆ ಹಾಕಬೇಕು ಅಂತ ಎದ್ದು ಹೋದೆ.

ಹೋದ ಮಳೆಗಾಲದಲ್ಲಿ ನಿನ್ನ ತಲೆಯೊಳಗೆ ರಕ್ತನಾಳ ಒಡೆಯಿತು. ಐ.ಸಿ.ಯು.ನಲ್ಲಿ ಹದಿನೇಳು ದಿನ. ಕೈಕಾಲು ಆಡುವುದಿಲ್ಲ, ಮಾತಿಲ್ಲ, ಆದರೆ ಕೇಳಿಸುತ್ತಿರಬಹುದು ಅಂದರು ಡಾಕ್ಟರು. ನರ್ಸು ಒಳ್ಳೆಯ ಹುಡುಗಿ. “ಅಮ್ಮನಿಗೆ ಇಷ್ಟವಾದ ಹಾಡು ಏನಾದರೂ ಕಿವಿ ಹತ್ತಿರ ಹಾಕಿ” ಅಂದಳು. ಅಪ್ಪ ಒಂದು ಗಳಿಗೆಯೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ಫೋನಿನಲ್ಲಿ ಆ ಆಲ್ಬಂ ಹುಡುಕಿ ನಿನ್ನ ದಿಂಬಿಗೆ ಒರಗಿಸಿದೆ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಮೂರನೇ ದಿನ ಜಾಗಟೆಯ ಹಾಡು ಬಂದಾಗ ನಿನ್ನ ಎಡಗಣ್ಣಿನ ತುದಿಯಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ನರ್ಸು “ನೋಡಿ, ಅಮ್ಮ ಕೇಳ್ತಿದ್ದಾರೆ” ಅಂದಳು. ನಾವೆಲ್ಲ ಎಷ್ಟು ಸಂತೋಷಪಟ್ಟೆವು! ಅಪ್ಪ ಟವೆಲಿನಿಂದ ಒರೆಸಿ, “ನಿಲ್ಲಿಸಬೇಡ ಪುಟ್ಟಿ” ಅಂದರು. ನಾನು ಸದ್ದು ಇನ್ನಷ್ಟು ಏರಿಸಿದೆ. ಆಮೇಲೆ ದಿನಾ ಆ ಹಾಡಿಗೇ ನೀನು ಅಳುತ್ತಿದ್ದೆ, ದಿನಾ ನಾವು ಅದನ್ನೇ ಹಾಕುತ್ತಿದ್ದೆವು.

ನೀನು ಹೋಗಿ ಎರಡು ತಿಂಗಳಿಗೆ ಆಫೀಸ್ ಕೆಲಸದ ಮೇಲೆ ತಿರುವನಂತಪುರಕ್ಕೆ ಹೋದವಳು ಲೀಲಾ ಚೇಚಿಯನ್ನು ನೋಡಿಕೊಂಡು ಬಂದೆ. ವಿಳಿಂಜಂ ಕಡೆ ಮಗ ಕಟ್ಟಿಸಿದ ಮನೆಯಲ್ಲಿದ್ದಾರೆ. ವರಾಂಡದಲ್ಲಿ ಕೂತರೆ ಹೊಸ ಬಂದರಿನ ಕ್ರೇನುಗಳು ಕಾಣುತ್ತವೆ. ಮಂಡಿ ಹೋಗಿದೆ, ಅದಕ್ಕೇ ನಿನ್ನ ಕಾರ್ಯಕ್ಕೆ ಬರಲಾಗಲಿಲ್ಲವಂತೆ. ಟೀ ತಂದು, “ಪಂಚಸಾರ ಇಡಟ್ಟೇ ಮೋಳೇ?” ಅಂದರು, ಸಕ್ಕರೆ ಹಾಕಲಾ ಮಗಳೇ ಅಂತ. ಸಕ್ಕರೆ ಅಂದದ್ದೇ ತಡ, ನನಗೆ ತಮಾಷೆ ಮಾಡಬೇಕೆನಿಸಿತು. ಆಗೆಲ್ಲ ನಮ್ಮ ಮನೆ ಸಕ್ಕರೆ ಡಬ್ಬಿ ನೀವೇ ಖಾಲಿ ಮಾಡಿದಿರಲ್ಲ ಚೇಚಿ ಅಂದೆ. ಅವರು ನಗಲಿಲ್ಲ. “ಮೋಳೇ, ರೇಷನ್ ಅಂಗಡಿ ನಮ್ಮದೇ ಅಲ್ಲವಾ? ನಮ್ಮ ಮನೆಯಲ್ಲಿ ಸಕ್ಕರೆಗೆ ಬರವಾ?” ಅಂದರು.

ಆಮೇಲೆ ನಿಧಾನವಾಗಿ ಹೇಳಿದರು. ನಮ್ಮ ಮನೆಯ ಹಾಡು ಜೋರಾದರೆ ಅವರು ಲೋಟ ತೆಗೆದುಕೊಳ್ಳುತ್ತಿದ್ದರಂತೆ. ಬಾಗಿಲು ಬಡಿದರೆ ಅಪ್ಪನ ಕೈ ನಿಲ್ಲುತ್ತಿತ್ತು, ಅಷ್ಟೇ ಅವರಿಂದ ಆಗುತ್ತಿದ್ದದ್ದು. ಏಟು ಬೀಳುತ್ತಿದ್ದದ್ದು ಆರಿದ ಕಾಫಿಗೆ, ಷರ್ಟಿನ ಗುಂಡಿಗೆ, ನಿನ್ನ ತವರಿನಿಂದ ಬಂದ ಕಾಗದಕ್ಕೆ. ಆ ಸಕ್ಕರೆಯನ್ನು ಬೇರೆ ಡಬ್ಬಿಯಲ್ಲಿ ಇಟ್ಟು, ಅಪ್ಪ ಬ್ಯಾಂಕಿಗೆ ಹೋದ ಮೇಲೆ ನಿನ್ನನ್ನು ಕರೆದು ಅದರಲ್ಲೇ ಟೀ ಮಾಡಿ ಕೊಡುತ್ತಿದ್ದರಂತೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಗಾದೆ ಕಟ್ಟಿದ ಮಹಾನುಭಾವರು ಬೆಳಿಗ್ಗೆ ಆರಕ್ಕೆ ಆಗುವ ಜಗಳ ನೋಡಿರಲಿಲ್ಲ. ಕೊನೆಗೆ ಚೇಚಿ ಕೇಳಿದರು, ಆಸ್ಪತ್ರೆಯಲ್ಲಿ ಕಷ್ಟಪಟ್ಟಳಾ ಅಂತ. ಇಲ್ಲ ಅಂದೆ. ಹಾಡು ಹಾಕಿದ್ದನ್ನು ಹೇಳಲಿಲ್ಲ. ಕೊಚ್ಚಿಗೆ ವಾಪಸು ಬರುವಾಗ ರೈಲಿನಲ್ಲಿ, ನೀನು ಅತ್ತದ್ದು ಯಾಕೆ ಅಂತ ಯೋಚಿಸುತ್ತಾ…

ಬಂದ ಮೇಲೆ ಅಪ್ಪನನ್ನು ಕೇಳಿದೆನಾ? ಇಲ್ಲ. ಆರು ತಿಂಗಳು ಸುಮ್ಮನಿದ್ದೆ. ನೀನಿಲ್ಲದ ಮನೆಯಲ್ಲಿ ಒಬ್ಬರೇ ಬೇಡ ಅಂತ ಅವರನ್ನು ನಮ್ಮಲ್ಲಿಗೇ ಕರೆತಂದಿದ್ದೆವು. ಬೆಳಿಗ್ಗೆ ಅವರು ಹಾಡು ಹಾಕಿಸಿಕೊಂಡರೆ ನಾನು ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದೆ. ಒಂದು ದಿನ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದೇನೆ ಅಂತ ಗೊತ್ತಾಯಿತು.

ನೋಟ್‌ಬುಕ್ಕಿನ ಮಾರನೇ ದಿನ ಬೆಳಿಗ್ಗೆ ಮಾಳು ತಾತನ ಪಕ್ಕದಲ್ಲಿ ಕೂತು ಹಾಡು ಕೇಳುತ್ತಿದ್ದಳು. ಜಾಗಟೆ ಬಂತು. ಮಗು ಎದ್ದು ಸ್ಪೀಕರಿನ ಸದ್ದು ಏರಿಸಿ ಕುಣಿಯತೊಡಗಿತು. ನಾನು ಹೋಗಿ ವೈರು ಕಿತ್ತೆ. ಮಾಳುವನ್ನು ಸ್ನಾನಕ್ಕೆ ಕಳಿಸಿದೆ. ಅಡುಗೆಮನೆಯಿಂದ ಸ್ಟೀಲ್ ಲೋಟ ತಂದು ಅಪ್ಪನ ಮುಂದೆ ಹಿಡಿದು, “ಸ್ವಾಮಿ ಸಾರ್, ಕುರಚ್ಚು ಪಂಚಸಾರ ತರುಮೋ?” ಅಂದೆ.

ಅಪ್ಪ ಲೋಟವನ್ನೇ ನೋಡಿದರು. “ಲೀಲಾ ಹೇಳಿದಳಾ?” ಅಂದರು.

“ಅಮ್ಮ ಹೇಳಲಿಲ್ಲ” ಅಂದೆ. “ಆಸ್ಪತ್ರೆಯಲ್ಲಿ ಯಾಕೆ ಅದನ್ನೇ ಹಾಕಿಸಿದ್ರಿ ಅಪ್ಪ? ಮಾತಾಡಕ್ಕೂ ಆಗದೆ ಮಲಗಿದ್ದವಳಿಗೆ?”

ಅಪ್ಪ ತಲೆ ತಗ್ಗಿಸಿದರು. “ಬೇರೆ ಯಾವುದು ಹಾಕಬೇಕಿತ್ತು? ಅವಳಿಗೆ ಏನಿಷ್ಟ ಅಂತ ನನಗೆ ಗೊತ್ತಿರಲಿಲ್ಲ.” ಆಮೇಲೆ ತಲೆ ಎತ್ತಿ, “ನಿನಗೆ ಗೊತ್ತಿತ್ತಾ ಪುಟ್ಟಿ?” ಅಂದರು.

ನನಗೆ ಗೊತ್ತಿತ್ತು ಅಮ್ಮ. ಆ ಮಧ್ಯಾಹ್ನ ನೀನು ನಿನ್ನ ಬಾಯಲ್ಲೇ ಹೇಳಿದ್ದೆ. ಐ.ಸಿ.ಯು.ನಲ್ಲಿ ನನ್ನ ಬ್ಯಾಗಿನಲ್ಲೇ ಹೆಡ್‌ಫೋನು ಇತ್ತು. ನೆನಪಿಗೇ ಬರಲಿಲ್ಲ. ನನ್ನ ನಲವತ್ತಾರು ವರ್ಷದಲ್ಲಿ ನಿನಗೆ ಇಷ್ಟ ಅಂತ ನನಗೆ ಗೊತ್ತಿದ್ದದ್ದು ಅದೊಂದೇ, ಅದೂ ಅರ್ಧ. ಇನ್ನೊಂದು ಸೈಡು ಹಾಕಲಿಲ್ಲ.

ಮಾಳುವಿನ ನೋಟ್‌ಬುಕ್ಕಿನಲ್ಲಿ ತುಳಸಿಕಟ್ಟೆಯ ಹಾಳೆ ಹರಿದು ಹಾಕಿಸಿದೆ. ಅಜ್ಜಿಯ ಹೆಸರಿನ ಮುಂದೆ ಈಗ ಆ ಕಿರುಚುವ ಬ್ಯಾಂಡು ಇದೆ. ಯಾಕೆ ಇಷ್ಟ ಅನ್ನುವಲ್ಲಿ ‘ಹೊರಗೆ ಯಾರಿಗೂ ಕೇಳಿಸುವುದಿಲ್ಲ, ಅದಕ್ಕೆ’ ಅಂತ ಬರೆಸಿದೆ. ಟೀಚರ್ ನಗುತ್ತಾರೇನೋ, ನಗಲಿ. ಮಾಳುವಿಗೆ ಇನ್ನೂ ಎಲ್ಲ ಹೇಳಿಲ್ಲ. ಅವಳು ಇನ್ನೊಂದಿಷ್ಟು ದೊಡ್ಡವಳಾಗಲಿ, ಲೀಲಾ ಚೇಚಿಯ ಲೋಟದಿಂದ ಶುರುಮಾಡಿ ಹೇಳುತ್ತೇನೆ, ಬಾಗಿಲಿಗೆ ತಾಗಿತು ಅನ್ನುವುದಿಲ್ಲ.

ಅಪ್ಪ ಇಲ್ಲೇ ಇದ್ದಾರೆ. ಎಲ್ಲಿಗೆ ಕಳಿಸಲಿ? ಹೊತ್ತಿಗೆ ಸರಿಯಾಗಿ ಕಾಫಿ ಕೊಡುತ್ತೇನೆ, ಮಾತ್ರೆ ಕೊಡುತ್ತೇನೆ. ಬೆಳಿಗ್ಗೆ ಆರಕ್ಕೆ ಎದ್ದು ಆ ಕುರ್ಚಿಯಲ್ಲೇ ಕೂರುತ್ತಾರೆ. ಸ್ಪೀಕರ್ ಇದ್ದ ಜಾಗ ಖಾಲಿ ಇದೆ. ಅವರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಹಾಡು ನಿಂತಿದೆ ಅಮ್ಮ. ನಾನೇ ನಿಲ್ಲಿಸಿದೆ. ತುಂಬಾ ತಡವಾಯಿತು.

ನಿನ್ನ,
ಪುಟ್ಟಿ