ಡೈನಮೋ ಮಾರಿದ ಮೇಲೆ

ಗದಗ-ಬೆಟಗೇರಿ
೧೮ ನವೆಂಬರ್ ೧೯೫೬

ಪ್ರೀತಿಯ ಮಾರ್ತಾಂಡನಿಗೆ ಮಾಶಾಕನ ಸಲಾಮು.

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯದೆ ಕುಳಿತದ್ದಕ್ಕೆ ಮೊದಲು ಮನಸಾರೆ ಬಯ್ದುಬಿಡು, ಆಮೇಲೆ ಓದು. ನಿಮ್ಮ ಬೆಂಗಳೂರೂ ನಮ್ಮ ಗದಗೂ ಈ ತಿಂಗಳಿಂದ ಒಂದೇ ರಾಜ್ಯವಾದವು. ಊರಲ್ಲೆಲ್ಲ ಪೇಢೆ ಹಂಚಿದರು. ಇನ್ನು ನೀನು ಪರರಾಜ್ಯದ ಸಾಹೇಬನೆಂದು ಮೆರೆಯುವಂತಿಲ್ಲ.

ನಮ್ಮ ಟಾಕೀಜಿನಲ್ಲಿ ನಾವಿಬ್ಬರೂ ವರ್ಷಗಟ್ಟಲೆ ಎಣ್ಣೆ ಕುಡಿಸಿದ ಇಂಜಿನ್ನು, ಡೈನಮೋ ಎರಡನ್ನೂ ಮಾಲೀಕ ಕೊಟ್ರಪ್ಪನವರು ಮಾರಿಬಿಟ್ಟರು. ಈಗ ಊರ ತಂತಿಯಲ್ಲಿ ಬರುವ ಎ.ಸಿ. ಕರೆಂಟನ್ನು ಪಾದರಸ ತುಂಬಿದ ಗಾಜಿನ ಬುರುಡೆಯೊಂದು ಡಿ.ಸಿ. ಮಾಡಿ ಸಿನೆಮಾ ಯಂತ್ರದ ದೀಪಕ್ಕೆ ಕೊಡುತ್ತದೆ. ಒಳಗೆ ನೀಲಿ ಬೆಳಕು ಕುಣಿಯುತ್ತದೆ, ಅಷ್ಟೇ. "ಮಾಶಾಕ, ಇನ್ನ ಕುಂತು ಪಗಾರ ತಗೊಳ್ಳೋದಾತು ನೋಡು" ಎಂದು ಮಾಲೀಕರು ನನ್ನೆದುರು ನಿಂತು ನಕ್ಕರು.

ನಿಮ್ಮ ವಿಮಾನ ಕಾರ್ಖಾನೆಯಲ್ಲಿ ನನಗಾಗಿ ಜಾಗ ಹಿಡಿದಿಟ್ಟಿರುವೆಯಂತೆ. ಬ್ಯಾಟರಿಯ ಕರೆಂಟನ್ನು ಎ.ಸಿ. ಮಾಡಿ ದಿಕ್ಕು ತೋರಿಸುವ ಉಪಕರಣಗಳಿಗೆ ಉಣಿಸುವ ಪುಟ್ಟ ಮಶೀನು. ಅದರ ಓಟ ಕೊಂಚ ತಪ್ಪಿದರೂ ಪೈಲಟ್ ದಾರಿ ತಪ್ಪುತ್ತಾನೆ. ಅದಕ್ಕೆ ಕಬ್ಬಿಣದ ಸರಳಿನ ಒಂದು ತುದಿ ಹಚ್ಚಿ, ಇನ್ನೊಂದು ತುದಿಗೆ ಕಿವಿಗೊಟ್ಟು, ಒಳಗಿನ ಸದ್ದಿನಿಂದಲೇ ಬೇರಿಂಗು ನೆಟ್ಟಗಿದೆಯೋ ಇಲ್ಲವೋ ಹೇಳುವ ಕೆಲಸ. ಓದಿ ಎದೆ ಉಬ್ಬಿತು. ಇಂಥದ್ದೊಂದು ಕೆಲಸಕ್ಕೆ ನಾನು ಎಷ್ಟು ಆಸೆಪಟ್ಟಿದ್ದೆ ಎಂಬುದು ನಿನಗಿಂತ ಯಾರಿಗೆ ಗೊತ್ತು?

ಆದರೆ ಬರಲಾಗುವುದಿಲ್ಲ. ನನ್ನಾಕೆ ಶಮಶಾದಬಿ ಊರು ಬಿಡಲು ಒಪ್ಪುತ್ತಿಲ್ಲ. ಬೆಂಗಳೂರಿನ ಚಳಿ ನನಗಾಗದು. ನಿಮ್ಮ ಮುದ್ದೆಯಂತೂ ಗಂಟಲಲ್ಲಿ ಇಳಿಯುವುದೇ ಇಲ್ಲ, ರೊಟ್ಟಿ ತಿಂದು ಬೆಳೆದವನು ನಾನು. ಜಾಗವನ್ನು ಬೇರೆ ಯಾರಿಗಾದರೂ ಕೊಡಿಸು.

ಯಮುನಾಬಾಯಿಯವರಿಗೆ ಸಲಾಮು ತಿಳಿಸು. ಮಕ್ಕಳನ್ನು ಮೇಲಿನವನು ಚೆನ್ನಾಗಿಟ್ಟಿರಲಿ, ನಿನ್ನಂತೆ ಹಟಮಾರಿ ಆಗದಿರಲಿ.

ನಿನ್ನ
ಮಾಶಾಕ

ತಾ.ಕ.: ಮೇಲಿನದು ನಿಮ್ಮ ಸಾಹೇಬರಿಗೆ ತೋರಿಸಲು, ಬೇರೆ ಹಾಳೆಯಲ್ಲಿ ಬರೆದ ಇದು ನಿನಗೊಬ್ಬನಿಗೆ. ಶಮಶಾದಬಿ ಬೆಂಗಳೂರಿಗೆಂದು ಟ್ರಂಕು ಒರೆಸಿಟ್ಟಿದ್ದಾಳೆ. ಡೈನಮೋ ಹೋದ ಮೇಲೆ, ಮನೆಯವರೆಲ್ಲ ಪಿಸುಗುಟ್ಟುತ್ತಾರೆಂದು ನಾನು ಸಿಟ್ಟಾಗುತ್ತಿದ್ದೆ. ಒಂದು ದಿನ ಅವಳು ನನ್ನ ಗಲ್ಲ ಹಿಡಿದು ತನ್ನತ್ತ ತಿರುಗಿಸಿಕೊಂಡು, "ಪಿಸುಗುಟ್ಟಾಕತ್ತಿಲ್ಲರಿ, ಒದರಾಕತ್ತೀನಿ" ಎಂದಳು. ಆ ಡೈನಮೋ ಕೋಣೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದೆವಲ್ಲ, ಕಿವಿ ಯಾವಾಗ ಹೋಯಿತೋ ತಿಳಿಯಲೇ ಇಲ್ಲ. ನಿನ್ನ ಕಾಗದ ಬಂದ ದಿನ ಹಿಟ್ಟಿನ ಗಿರಣಿಗೆ ಹೋಗಿ ಮೋಟಾರಿಗೆ ಸರಳು ಹಚ್ಚಿ ನೋಡಿದೆ. ಮೋಟಾರಿನ ಅದುರು ಕೈಗೆ ಬಂತು, ಸದ್ದು ಕಿವಿಗೆ ಬರಲಿಲ್ಲ.

ಊರಿಗೆ ಬಂದರೆ ಬಾಗಿಲಲ್ಲಿ ನಿಂತು ಕೂಗಬೇಡ, ಮಾರ್ತಾಂಡ. ಒಳಗೆ ಬಂದು ಹೆಗಲು ಮುಟ್ಟು.