ಕಿವಿಯಲ್ಲಿ ಸಿಕ್ಕ ಪಾದ

ಅಪ್ಪಾ,

ಇವತ್ತು ನಿಪ್ಪಾಣಿಯಿಂದ ಮನೆಗೆ ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿನ್ನ ಜೊತೆಗೇ ಮಾತಾಡಿಕೊಂಡು ಬಂದೆ. ಹೇಳುವುದು ಮುಗಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಭೋಜದಲ್ಲಿ ನಮ್ಮ ಹೊಲದ ಹತ್ತಿರ ಕಬ್ಬಿನ ಟ್ರೇಲರ್ ಮಗುಚಿ ನಿನ್ನ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತಲ್ಲ, ಆ ಗಾಯ ಮಾದ ಮೇಲೆ ಕಷ್ಟ ಮುಗಿಯಿತು ಎಂದುಕೊಂಡಿದ್ದೆವು. ನೀನು ಮಾತ್ರ ಊಟದ ನಡುವೆ ತುತ್ತು ಬಿಟ್ಟು ಹಲ್ಲು ಕಚ್ಚುತ್ತಿದ್ದೆ. ಒಂದು ಮಧ್ಯಾಹ್ನ ಅವ್ವ ಹೊರಗೆ ಹೋದಾಗ ನನ್ನನ್ನು ಹತ್ತಿರ ಕರೆದೆ.

"ಎಡಗಾಲಿನ ಬೆರಳು ನೋಯಾಕತ್ತಾವು. ಯಾರೋ ತಿರುವಿ ಹಿಡದಂಗ. ನನಗ ಹುಚ್ಚ ಹಿಡದೈತೇನ?"

ಇಲ್ಲದ ಬೆರಳು. ನಿನ್ನ ಕಣ್ಣಲ್ಲಿದ್ದ ಆ ಹೆದರಿಕೆ...

ನಿನ್ನನ್ನು ಕರೆದೊಯ್ದು ಕೇಳಿದಾಗ ಆಪರೇಷನ್ ಮಾಡಿದ ಡಾಕ್ಟರು ನಗಲಿಲ್ಲ. ಕಾಲು ಹೋದವರಿಗೆ ಹೀಗಾಗುವುದುಂಟು, ಮಿದುಳು ಆ ಕಾಲನ್ನು ಇನ್ನೂ ಬಿಟ್ಟಿಲ್ಲ ಎಂದರು. ಗುಳಿಗೆಯಿಂದ ನೋವು ಸ್ವಲ್ಪ ತಗ್ಗಿತು. ಆಮೇಲೆ ಅವರೇ ನಿಪ್ಪಾಣಿಯಲ್ಲಿ ಕಿವಿಗೆ ಸೂಜಿ ಹಾಕುವ ಡಾಕ್ಟರಬಾಯಿಯ ಹತ್ತಿರ ಕಳಿಸಿದರು. "ಈ ವಯಸ್ಸಿನ್ಯಾಗ ಕಿವಿ ಚುಚ್ಚಿಸ್ಕೊಳ್ಳಾಕ ಹೊಂಟೇನಿ ನೋಡ" ಎಂದು ನೀನು ನಕ್ಕಿದ್ದೆ.

ಅಲ್ಲಿಯ ಗೋಡೆಯ ಚಿತ್ರ ನೆನಪಿದೆಯಾ? ಒಂದು ದೊಡ್ಡ ಕಿವಿ, ಅದರೊಳಗೆ ತಲೆಕೆಳಗಾಗಿ ಮಲಗಿದ ಕೂಸು. "ಕೂಸಿನ ಕಾಲು ಮ್ಯಾಲ ಅದಾವಲ್ರಿ, ನಾನೂ ಅಲ್ಲೇ ಸೂಜಿ ಇಡ್ತೀನಿ" ಎಂದರು ಡಾಕ್ಟರಬಾಯಿ. "ಎಲ್ಲಾರಿಗೂ ಆಗೇ ಆಗತೈತಿ ಅನ್ನೂದಿಲ್ರಿ. ಗುಳಿಗಿ ಮಾತ್ರ ಬಿಡಬ್ಯಾಡ್ರಿ."

ಕಿವಿಯ ಮೇಲಂಚಿಗೆ ಕೂದಲಿನಷ್ಟು ಸಣ್ಣ ಸೂಜಿ. ನೀನು ಕಣ್ಣು ಮುಚ್ಚಿ ಕೂತಿದ್ದೆ. ಸ್ವಲ್ಪ ಹೊತ್ತಿಗೆ ನಿನ್ನ ತುಟಿ ಅಲುಗಿತು.

"ಬಿಚ್ಚಾಕತ್ತಾವು."

"ಏನ್ರಿ?" ಎಂದರು ಅವರು.

"ಬೆರಳ್ರಿ. ಒಂದೊಂದ ಬಿಚ್ಚಾಕತ್ತಾವು."

ನಿನ್ನ ಎಡಗಾಲು ಇರಬೇಕಿದ್ದಲ್ಲಿ ಬರಿಯ ನೆಲವನ್ನು ನೋಡಿದೆ. ನನಗೆ ಗೊತ್ತಿಲ್ಲದೇ ನನ್ನ ಕಾಲು ಹಿಂದಕ್ಕೆಳೆದುಕೊಂಡೆ, ಅಲ್ಲಿ ನಿನ್ನ ಪಾದ ಇದ್ದಂತೆ.

ನೋವು ಪೂರ್ತಿ ಹೋಗಲಿಲ್ಲ, ಗೊತ್ತು. ಅದು ಬಂದಾಗ ನೀನು, ಡಾಕ್ಟರಬಾಯಿ ಸೂಜಿಯ ಜಾಗಕ್ಕೇ ಪಟ್ಟಿಯಿಂದ ಅಂಟಿಸಿ ಕಳಿಸಿದ್ದ ಸಣ್ಣ ಕಾಳನ್ನು ಒತ್ತಿಕೊಳ್ಳುತ್ತಿದ್ದೆ, ಮತ್ತೆ ಊಟಕ್ಕೆ ಕೈ ಹಾಕುತ್ತಿದ್ದೆ. ಹೋದ ವರ್ಷ ನಿನ್ನ ಎದೆಬಡಿತ ನಿಲ್ಲುವವರೆಗೂ ಹಾಗೆಯೇ ನಡೆಯಿತು.

ನಿನಗೆ ಹೇಳಬೇಕಾದದ್ದು ಇವತ್ತಿನದು. ಯಡೂರಿನ ಒಬ್ಬ ಸೊಸೆ, ಮೇವು ಕತ್ತರಿಸುವ ಯಂತ್ರಕ್ಕೆ ಬಲಗೈ ಕೊಟ್ಟವಳು, ಅತ್ತೆಯ ಜೊತೆ ಬಂದಿದ್ದಳು. ಏನು ಕೇಳಿದರೂ ಬಾಯಿ ಬಿಡುತ್ತಿಲ್ಲವೆಂದು ಡಾಕ್ಟರಬಾಯಿ ನನಗೆ ಫೋನ್ ಮಾಡಿ ಕರೆಸಿದ್ದರು. "ಇಲ್ಲದ ಕೈ ನೋಯತೈತಂತ್ರಿ. ಸುಳ್ಳ ಸೋಂಗ ಮಾಡ್ತಾಳ" ಎಂದಳು ಅತ್ತೆ. ನಾನು ನಿನ್ನ ಸಂಗತಿ ಹೇಳಿದೆ. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. "ಮುಷ್ಟಿ ಬಿಗದೈತ್ರಿ. ಉಗುರು ಒಳಗ ಚುಚ್ಚತಾವು" ಎಂದಳು.

ಡಾಕ್ಟರಬಾಯಿ ಅವಳ ಕಿವಿಗೆ ಸೂಜಿ ಇಟ್ಟರು, ಕಾದೆವು. ಕೊನೆಗೆ ಮೆಲ್ಲಗೆ, "ಹೆಬ್ಬೆರಳು ಸಡ್ಲಾತ್ರಿ" ಎಂದಳು.

ಅತ್ತೆ ಕುರ್ಚಿ ಹತ್ತಿರ ಎಳೆದುಕೊಂಡು, "ಎಲ್ಲೈತಿ ಕೈ? ತೋರಸು" ಎಂದಳು. ಸೊಸೆ ಎಡಗೈಯಿಂದ ಗಾಳಿಯಲ್ಲಿ ಒಂದು ಜಾಗ ತೋರಿಸಿದಳು. ಆ ಮುದುಕಿ ಅಲ್ಲಿಗೆ ತನ್ನ ಎರಡೂ ಅಂಗೈ ಒಯ್ದು, ಏನನ್ನೋ ಹಿಡಿದುಕೊಂಡಂತೆ, ಹಾಗೇ ಕೂತಳು.

ಬರುವ ಸೋಮವಾರ ಅವರಿಬ್ಬರೂ ಮತ್ತೆ ಬರುತ್ತಾರೆ. ನಾನೂ ಹೋಗುತ್ತೇನೆ, ಅಪ್ಪಾ.

ನಿನ್ನ ಮಗಳು